ಕಂಪನಿಗಳು ಕೊಟ್ಟ ಮಾತಿನ ಲೆಕ್ಕ ಇಡುವವರು: ಚಿಕನ್‌ವಾಚ್ ಮತ್ತು ಎಗ್‌ಟ್ರ್ಯಾಕ್ ಬಳಸಿದ ಅನುಭವ

ಫಾರಂ ಪ್ರಾಣಿಗಳ ಪರವಾದ ಅಭಿಯಾನಗಳಿಗೆ ನಿಮ್ಮಲ್ಲಿ ತುಂಬಾ ಜನ ಸಹಿ ಹಾಕಿರುತ್ತೀರಿ. ಆಮೇಲೆ ಏನಾಯಿತು ಅಂತ ಎಷ್ಟು ಜನರಿಗೆ ಗೊತ್ತು? "ನಾವು ಇನ್ನು ಪಂಜರದ ಕೋಳಿಗಳ ಮೊಟ್ಟೆ ಕೊಳ್ಳುವುದಿಲ್ಲ" ಅಂತ ಒಂದು ದೊಡ್ಡ ಕಂಪನಿ ಹೇಳುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಆ ದಿನ ಒಂದೇ ಒಂದು ಕೋಳಿಯೂ ಪಂಜರದಿಂದ ಹೊರಗೆ ಬಂದಿರುವುದಿಲ್ಲ. ಗಡುವು ಐದೋ ಹತ್ತೋ ವರ್ಷ ದೂರ ಇರುತ್ತದೆ, ಅಷ್ಟರಲ್ಲಿ ಜನ ಮರೆತಿರುತ್ತಾರೆ. ಮರೆಯದ ಹಾಗೆ ನೋಡಿಕೊಳ್ಳುವ ಎರಡು ಉಚಿತ ಸೇವೆಗಳನ್ನು ನಾನು ಬಳಸುತ್ತಿದ್ದೇನೆ. ಅವುಗಳ ಬಗ್ಗೆ ಈ ವಿಮರ್ಶೆ.

ಮೊದಲನೆಯದು ಚಿಕನ್‌ವಾಚ್. ಇದನ್ನು ನಡೆಸುವುದು ಓಪನ್ ವಿಂಗ್ ಅಲಯನ್ಸ್ ಎಂಬ ಒಕ್ಕೂಟ. 2016ರಲ್ಲಿ ದಿ ಹ್ಯೂಮೇನ್ ಲೀಗ್ ಎಂಬ ಪ್ರಾಣಿಪರ ಸಂಸ್ಥೆ ಶುರು ಮಾಡಿದ್ದು, ಈಗ ಬೇರೆ ಬೇರೆ ದೇಶಗಳ ಹತ್ತಾರು ಸಂಘಟನೆಗಳು ಇದರಲ್ಲಿವೆ. ಎರಡನೆಯದು ಎಗ್‌ಟ್ರ್ಯಾಕ್, ಕಂಪ್ಯಾಷನ್ ಇನ್ ವರ್ಲ್ಡ್ ಫಾರ್ಮಿಂಗ್ ಸಂಸ್ಥೆಯದು. ಆ ಸಂಸ್ಥೆ ಕಟ್ಟಿದವರು ಪೀಟರ್ ರಾಬರ್ಟ್ಸ್, ಇಂಗ್ಲೆಂಡಿನಲ್ಲಿ ಹಸು ಸಾಕುತ್ತಿದ್ದ ರೈತ, 1967ರಲ್ಲಿ. ಯಾವ ಕಂಪನಿ ಯಾವಾಗ ಏನು ಮಾತು ಕೊಟ್ಟಿತು ಅಂತ ಚಿಕನ್‌ವಾಚ್ ಹೇಳುತ್ತದೆ. ಅದರಲ್ಲಿ ಎಷ್ಟು ನಡೆಯಿತು ಅಂತ ಎಗ್‌ಟ್ರ್ಯಾಕ್ ಹೇಳುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೇನೇ ಚಿತ್ರ ಪೂರ್ತಿ ಆಗುವುದು.

ಇಂಥ ಲೆಕ್ಕ ಯಾಕೆ ಬೇಕು ಅಂತ ಕೇಳುವವರಿಗೆ ಸ್ವಲ್ಪ ಹಿನ್ನೆಲೆ. ಯುರೋಪಿಯನ್ ಒಕ್ಕೂಟದ ಹಳೆಯ ಪಂಜರದಲ್ಲಿ ಒಂದು ಕೋಳಿಗೆ ಸಿಗುತ್ತಿದ್ದ ಕನಿಷ್ಠ ಜಾಗ 550 ಚದರ ಸೆಂಟಿಮೀಟರ್. ಒಂದು ಎ4 ಹಾಳೆ ಅದಕ್ಕಿಂತ ದೊಡ್ಡದು. ಅಲ್ಲಿ ರೆಕ್ಕೆ ಬಿಚ್ಚಲು ಆಗುವುದಿಲ್ಲ, ಮಣ್ಣು ಕೆದಕಲು ಆಗುವುದಿಲ್ಲ, ಮೊಟ್ಟೆ ಇಡಲು ಮರೆಯಾದ ಜಾಗ ಇಲ್ಲ. ಇದನ್ನು ನಿಲ್ಲಿಸುವ ಕಾನೂನು ಬಂದಿದ್ದು 1999ರಲ್ಲಿ, ಜಾರಿಯಾಗಿದ್ದು 2012ರ ಜನವರಿ 1ಕ್ಕೆ. ಆಗಲೂ ಕೂರಲು ಕೋಲು, ಗೂಡು ಇರುವ ಸ್ವಲ್ಪ ದೊಡ್ಡ ಪಂಜರಕ್ಕೆ ಅವಕಾಶ ಉಳಿಯಿತು. ಅದನ್ನೂ ತೆಗೆಯಿರಿ ಅಂತ 'ಎಂಡ್ ದ ಕೇಜ್ ಏಜ್' ಅಭಿಯಾನ ಸುಮಾರು 14 ಲಕ್ಷ ಸಹಿ ಕೂಡಿಸಿತು. 2023ರ ಕೊನೆಯೊಳಗೆ ಕಾನೂನಿನ ಪ್ರಸ್ತಾವ ತರುತ್ತೇವೆ ಅಂತ ಆ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ 2021ರ ಜೂನ್‌ನಲ್ಲಿ ಹೇಳಿತು. 2023 ಮುಗಿಯಿತು, ಪ್ರಸ್ತಾವ ಬರಲಿಲ್ಲ. ಸರ್ಕಾರದ ಮಾತೇ ಹೀಗಾದರೆ, ಯಾವ ಕಾನೂನೂ ಕಟ್ಟಿಹಾಕದ ಕಂಪನಿಯ ಮಾತಿಗೆ ಕಾವಲು ಬೇಡವಾ?

ಈಗ ಬಳಕೆಗೆ ಬರೋಣ. ಚಿಕನ್‌ವಾಚ್ ತುಂಬಾ ಸರಳ. ಕಂಪನಿಯ ಹೆಸರು ಹಾಕಿ ಹುಡುಕಬಹುದು, ದೇಶದ ಪ್ರಕಾರವೂ ನೋಡಬಹುದು. ಮಾತು ಮೊಟ್ಟೆ ಕೋಳಿಯ ಬಗ್ಗೆಯೋ ಮಾಂಸದ ಕೋಳಿಯ ಬಗ್ಗೆಯೋ, ಗಡುವು ಯಾವ ವರ್ಷ ಅನ್ನುವುದು ಸಿಗುತ್ತದೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇದೇ. ಒಂದು ದೊಡ್ಡ ಹೋಟೆಲ್ ಸರಪಳಿಗೆ (ಹೆಸರು ಬೇಡ) ನಿಮ್ಮ ಗಡುವು ಎಲ್ಲಿಗೆ ಬಂತು ಅಂತ ಬರೆದಿದ್ದೆ. "ಪ್ರಾಣಿಗಳ ಹಿತ ನಮಗೆ ಬಹಳ ಮುಖ್ಯ" ಅನ್ನುವ ಸಿದ್ಧ ಉತ್ತರ ಬಂತು, ಒಂದು ಅಂಕಿ ಕೂಡ ಇರಲಿಲ್ಲ. ಎರಡನೇ ಸಲ ಅವರು ಕೊಟ್ಟ ಮಾತು, ವರ್ಷ ಎಲ್ಲ ಸೇರಿಸಿ ಕೇಳಿದೆ. ಆಗ ಸಿಕ್ಕ ಉತ್ತರದಲ್ಲಿ ಯಾವ ಪ್ರದೇಶದಲ್ಲಿ ಕೆಲಸ ಮುಗಿದಿದೆ, ಎಲ್ಲಿ ಇನ್ನೂ ಶುರುವೇ ಆಗಿಲ್ಲ ಅನ್ನುವುದು ಇತ್ತು. ಸುಮ್ನೆ ಕೋಪದಲ್ಲಿ ಬರೆದ ಇಮೇಲ್‌ಗೂ ದಾಖಲೆ ಹಿಡಿದು ಬರೆದ ಇಮೇಲ್‌ಗೂ ಇಷ್ಟು ವ್ಯತ್ಯಾಸ ಇದೆ.

ಎಗ್‌ಟ್ರ್ಯಾಕ್ ಓದಲು ಸ್ವಲ್ಪ ತಾಳ್ಮೆ ಬೇಕು, ಆದರೆ ನನಗೆ ಇದೇ ಜಾಸ್ತಿ ಇಷ್ಟ. ಯಾಕಂದರೆ ಕಂಪನಿಗಳು ಅಡಗಿಕೊಳ್ಳುವ ಜಾಗಗಳು ಇಲ್ಲಿ ಕಾಣುತ್ತವೆ. ಚಿಪ್ಪಿನ ಮೊಟ್ಟೆ ಬೇರೆ, ಒಡೆದು ದ್ರವವಾಗಿ ಬರುವ ಮೊಟ್ಟೆ ಬೇರೆ, ಬಿಸ್ಕತ್ತು, ಕೇಕ್, ಸಾಸ್‌ಗಳ ಒಳಗೆ ಸೇರಿರುವ ಮೊಟ್ಟೆ ಬೇರೆ. ಅಂಗಡಿಯಲ್ಲಿ ಕಣ್ಣಿಗೆ ಬೀಳುವ ಚಿಪ್ಪಿನ ಮೊಟ್ಟೆಯನ್ನಷ್ಟೇ ಬದಲಾಯಿಸಿ "ನಾವು ಪಂಜರಮುಕ್ತ" ಅಂತ ಹೇಳಿಕೊಳ್ಳುವುದು ಸುಲಭ, ಒಳಗೆ ಸೇರಿದ ಮೊಟ್ಟೆ ಎಲ್ಲಿಂದ ಬಂತು ಅಂತ ಯಾರು ಕೇಳುತ್ತಾರೆ? ಇನ್ನೊಂದು ದಾರಿ, ಯುರೋಪಿನ ಅಂಕಿ ತೋರಿಸಿ ಉಳಿದ ದೇಶಗಳ ಬಗ್ಗೆ ಮೌನವಾಗಿರುವುದು. ಒಂದು ಸಲ ಇದನ್ನೆಲ್ಲ ನೋಡಿದ ಮೇಲೆ ಯಾವುದೇ ಕಂಪನಿಯ ಜಾಹೀರಾತನ್ನು ನೀವು ಮೊದಲಿನ ಹಾಗೆ ಓದುವುದಿಲ್ಲ.

ಹಾಗಂತ ಎಲ್ಲ ಮಾತೂ ಸುಳ್ಳಲ್ಲ. ಅಮೆರಿಕದ ಮೆಕ್‌ಡೊನಾಲ್ಡ್ಸ್ 2015ರ ಸೆಪ್ಟೆಂಬರ್‌ನಲ್ಲಿ ಹತ್ತು ವರ್ಷದ ಗಡುವು ಹಾಕಿಕೊಂಡಿತ್ತು, ಅದಕ್ಕಿಂತ ಮೊದಲೇ ಮುಗಿಸಿತು. ಆ ದೇಶದಲ್ಲಿ 2010ರ ಸುಮಾರಿಗೆ ಪಂಜರದ ಹೊರಗಿದ್ದ ಮೊಟ್ಟೆ ಕೋಳಿಗಳು ಶೇಕಡ 5ಕ್ಕಿಂತ ಕಡಿಮೆ, 2024ರ ಹೊತ್ತಿಗೆ ಸುಮಾರು ಶೇಕಡ 40. ಪಂಜರದ ಕೋಳಿಗಳ ಮೊಟ್ಟೆ ಮಾರುವುದನ್ನು ತಡೆಯುವ ಕ್ಯಾಲಿಫೋರ್ನಿಯಾದ ಪ್ರೊಪೊಸಿಷನ್ 12ರಂಥ ಕಾನೂನುಗಳ ಪಾಲೂ ಇದರಲ್ಲಿದೆ. ಅದನ್ನು 2018ರಲ್ಲಿ ಜನರೇ ಮತ ಹಾಕಿ ತಂದರು, 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಕೊರತೆಗಳನ್ನೂ ಹೇಳಲೇಬೇಕು. ಅಂಕಿಗಳಲ್ಲಿ ಬಹುಪಾಲು ಕಂಪನಿಗಳೇ ಹೇಳಿಕೊಂಡಿದ್ದು. ಯಾರೋ ಫಾರಂಗೆ ಹೋಗಿ ಪ್ರತಿ ಶೆಡ್ ನೋಡಿ ಬರೆದಿದ್ದಲ್ಲ. ಅದಕ್ಕಿಂತ ನನಗೆ ಜಾಸ್ತಿ ಕಾಡುವುದು ಬೇರೆ. ಪಂಜರ ಹೋಯಿತು ಅಂದ ಮಾತ್ರಕ್ಕೆ ಕ್ರೌರ್ಯ ಹೋಗಲಿಲ್ಲ. ಪಂಜರವಿಲ್ಲದ ಶೆಡ್‌ಗಳಲ್ಲೂ ಮರಿಗಳ ಕೊಕ್ಕಿನ ತುದಿ ಕತ್ತರಿಸುತ್ತಾರೆ. ಮೊಟ್ಟೆ ಇಡದ ಗಂಡು ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ. ಜರ್ಮನಿ 2022ರ ಆರಂಭದಿಂದ ಇದನ್ನು ನಿಷೇಧಿಸಿದೆ, ಹೆಚ್ಚಿನ ದೇಶಗಳಲ್ಲಿ ಇಂದಿಗೂ ನಡೆಯುತ್ತಿದೆ. ಶೇಕಡ 100 ಅಂತ ತೋರಿಸುವ ಪಟ್ಟಿಯಲ್ಲಿ ಈ ಮರಿಗಳು ಕಾಣುವುದಿಲ್ಲ.

ಮಾಂಸದ ಕೋಳಿಗಳದ್ದು ಇನ್ನೂ ಕಷ್ಟದ ಕಥೆ. ಆರು ವಾರಕ್ಕೆಲ್ಲ ಕೊಲ್ಲುವಷ್ಟು ಬೇಗ ಬೆಳೆಯುವ ತಳಿಗಳವು, ಮೈ ಭಾರಕ್ಕೆ ಕಾಲೇ ಸೋಲುತ್ತದೆ. ನಿಧಾನವಾಗಿ ಬೆಳೆಯುವ ತಳಿ, ಹೆಚ್ಚು ಜಾಗ, ಬೆಳಕು ಕೊಡಬೇಕು ಅನ್ನುವುದು ಬೆಟರ್ ಚಿಕನ್ ಕಮಿಟ್‌ಮೆಂಟ್‌ನ ಬೇಡಿಕೆ. ಅದಕ್ಕೆ ಒಪ್ಪಿದ್ದ ಕೆಲವು ಕಂಪನಿಗಳು ಗಡುವು ಹತ್ತಿರ ಬಂದಾಗ, ಮುಖ್ಯವಾಗಿ ತಳಿಯ ವಿಚಾರದಲ್ಲೇ, ಹಿಂದೆ ಸರಿದವು. ಇದನ್ನು ಹಿಂಬಾಲಿಸಲು ಚಿಕನ್‌ಟ್ರ್ಯಾಕ್ ಅಂತ ಇನ್ನೊಂದು ವರದಿ ಇದೆ, ಎಗ್‌ಟ್ರ್ಯಾಕ್‌ನವರದ್ದೇ. ಮಾಂಸದ ಕೋಳಿಗಳ ವಿಷಯಕ್ಕೆ ಅದನ್ನೇ ನೋಡಿ.

ಇವಕ್ಕೆ ಹೋಲಿಸಿದರೆ ನಾನು ಚಂದಾದಾರನಾಗಿದ್ದ ಒಂದು ಅಭಿಯಾನದ ಇಮೇಲ್ ಸೇವೆ (ಅದರ ಹೆಸರೂ ಹೇಳುವುದಿಲ್ಲ) ತುಂಬಾ ಬೇಸರ ತರಿಸಿತು. ಪ್ರತಿ ಸಲ ಎದೆ ಒಡೆಯುವ ಫೋಟೊ, ಕೆಳಗೆ ಸಹಿ ಬಟನ್, ಸಹಿ ಆದ ತಕ್ಷಣ ದೇಣಿಗೆ ಬಟನ್. ಹಿಂದಿನ ಸಹಿ ಏನಾಯಿತು ಅಂತ ಕೇಳಿ ಬರೆದರೆ ಉತ್ತರ ಇಲ್ಲ. ಆ ಫೋಟೊಗಳಲ್ಲಿನ ನೋವು ನಿಜ, ಅದನ್ನು ನೋಡಿ ಜನರಿಗೆ ಸಂಕಟ ಆಗುವುದೂ ನಿಜ. ಅಷ್ಟು ಜನರ ಸಂಕಟ ಪಡೆದುಕೊಂಡವರಿಗೆ ಫಲಿತಾಂಶ ತಿಳಿಸುವ ಹೊಣೆ ಇರಬೇಕಲ್ವಾ.

ನನ್ನ ಅಂಕ: ಎಗ್‌ಟ್ರ್ಯಾಕ್‌ಗೆ 5ಕ್ಕೆ 4, ಚಿಕನ್‌ವಾಚ್‌ಗೆ 5ಕ್ಕೆ ಮೂರೂವರೆ. ಇಮೇಲ್ ಸೇವೆಗೆ 1, ಅದೂ ಫೋಟೊ ತೆಗೆಯಲು ಫಾರಂ ಒಳಗೆ ಹೋದವರ ಧೈರ್ಯಕ್ಕೆ. ನೀವು ಬಳಸುವುದಾದರೆ, ನೀವೇ ದಿನಾ ಕೊಳ್ಳುವ ಒಂದು ಕಂಪನಿಯಿಂದ ಶುರು ಮಾಡಿ. ಅದರ ಗಡುವು ನೋಡಿ, ಮುಗಿದಿದ್ದರೆ ಶೇಕಡಾವಾರು ಎಷ್ಟು ಅಂತ ನೋಡಿ, ಖಾಲಿ ಇದ್ದರೆ ಅವರ ಗ್ರಾಹಕ ವಿಭಾಗಕ್ಕೆ ಬರೆಯಿರಿ. ಚಿಪ್ಪಿನ ಮೊಟ್ಟೆ, ದ್ರವ ಮೊಟ್ಟೆ, ಪದಾರ್ಥಗಳಲ್ಲಿ ಸೇರಿದ ಮೊಟ್ಟೆ ಮೂರನ್ನೂ ಬೇರೆ ಬೇರೆಯಾಗಿ ಕೇಳಿ. ಒಟ್ಟಿಗೆ ಕೇಳಿದರೆ ಚೆನ್ನಾಗಿರುವ ಅಂಕಿಯನ್ನಷ್ಟೇ ಕೊಡುತ್ತಾರೆ.