ಸಿಗಾರ್ ಮೇಲಿನ ಬಿಳಿ ಪುಡಿಯನ್ನು ‘ಬ್ಲೂಮ್’ ಎಂದರೆ ನಂಬಬೇಡಿ

ಕರಾವಳಿಯಲ್ಲೋ ಮಲೆನಾಡಿನಲ್ಲೋ ಇದ್ದುಕೊಂಡು ಮನೆಯಲ್ಲೇ ಪೆಟ್ಟಿಗೆ ಮಾಡಿ ಸಿಗಾರ್ ಇಡುವವರು ಮಳೆ ಹಿಡಿಯುವ ಮೊದಲು ಇದನ್ನು ಓದಿ. ಮಳೆ ಶುರುವಾಗಿಬಿಟ್ಟಿದ್ದರೆ ಮೊದಲು ಪೆಟ್ಟಿಗೆ ನೋಡಿ ಬನ್ನಿ, ಆಮೇಲೆ ಓದಿ.

ನಮ್ಮ ಮನೆ ಮಂಗಳೂರಿನಲ್ಲಿ. ಭಾವ ದುಬೈಯಿಂದ ಬರುವಾಗ ಸಿಗಾರ್ ತರುತ್ತಾರೆ. ಸುಂಕವಿಲ್ಲದೆ ಒಬ್ಬರು ತರಬಹುದಾದದ್ದೇ 25, ಹಾಗಾಗಿ ಒಂದೊಂದೂ ಬೆಲೆಯುಳ್ಳದ್ದು. ಅವನ್ನಿಡಲು ಪರಿಚಯದ ಬಡಗಿಯ ಹತ್ತಿರ ಗಂಧಗರಿಗೆ ಮರದ ಪೆಟ್ಟಿಗೆ ಮಾಡಿಸಿದ್ದೆ. ಹೊರದೇಶದಲ್ಲಿ ಸಿಗಾರ್ ಪೆಟ್ಟಿಗೆಗೆ ಬಳಸುವ ಸ್ಪ್ಯಾನಿಷ್ ಸೀಡರ್ ಮರ, ನಮ್ಮ ಗಂಧಗರಿಗೆ ಎರಡೂ ಬೇವಿನ ಕುಟುಂಬದವೇ. ಬಡಗಿ ಅಚ್ಚುಕಟ್ಟಾಗಿ ಮಾಡಿಕೊಟ್ಟಿದ್ದರು, ಮುಚ್ಚಳ ಬಿಗಿಯಾಗಿ ಕೂರುತ್ತಿತ್ತು. ಎಡವಟ್ಟಾದದ್ದು ಸಿಗಾರ್ ಒಣಗದಿರಲೆಂದು ಅದರೊಳಗೆ ಇಡಲು ಆನ್‌ಲೈನ್‌ನಲ್ಲಿ ತರಿಸಿದ ಕಿಟ್‌ನಿಂದ. ಹೂವಿನ ಅಂಗಡಿಯವರು ಬೊಕೆಗೆ ಬಳಸುವಂಥ ಹಸಿರು ಫೋಮ್ ತುಂಬಿದ ಪುಟ್ಟ ಡಬ್ಬಿ, ಮುಳ್ಳು ತಿರುಗುವ ತೇವಾಂಶದ ಮೀಟರ್, ಜೊತೆಗೊಂದು ಚೀಟಿ. ಪೆಟ್ಟಿಗೆಯ ಒಳಗನ್ನು ಒದ್ದೆ ಬಟ್ಟೆಯಿಂದ ಒರೆಸಿ, ಫೋಮನ್ನು ಚೆನ್ನಾಗಿ ನೆನೆಸಿ, ಮುಳ್ಳು 70ರ ಹತ್ತಿರ ನಿಲ್ಲಲಿ, ವಾರಕ್ಕೊಮ್ಮೆ ಮುಚ್ಚಳ ತೆರೆದು ಗಾಳಿಯಾಡಿಸಿ ಎಂದು ಅದರಲ್ಲಿ ಬರೆದಿತ್ತು.

ಅದರಂತೆಯೇ ಮಾಡಿದೆವು. ಮುಳ್ಳು 68ರಲ್ಲಿ ಅಲುಗಾಡದೆ ನಿಂತಿತ್ತು. ಜುಲೈ ನಡುವಿನಲ್ಲಿ ಕೆಲವು ಸಿಗಾರ್‌ಗಳ ಮೇಲೆ ಬೆಳ್ಳಗೆ ಪುಡಿಯಂಥದ್ದು ಕಾಣಿಸಿತು. ಫೋಟೋ ತೆಗೆದು ಮಾರಾಟಗಾರನಿಗೆ ಕಳಿಸಿದೆ. “ಸರ್, ಅದು ಬ್ಲೂಮ್. ಎಲೆಯ ಎಣ್ಣೆ ಹೊರಗೆ ಬಂದಿದೆ, ಸಿಗಾರ್ ಹದವಾಗ್ತಿದೆ ಅಂತ ಅರ್ಥ. ಮುಟ್ಟಬೇಡಿ, ಹಾಗೇ ಇರಲಿ” ಎಂದು ಉತ್ತರ ಬಂತು. ಹಾಗೇ ಇಟ್ಟದ್ದರಿಂದ ಕೆಳಗಿನ ಸಾಲು ಪೂರ್ತಿ ಹೋಯಿತು. ಮುಂದಿನ ಸಲ ಮುಚ್ಚಳ ತೆಗೆದಾಗ ಮಳೆಗಾಲದಲ್ಲಿ ಒಣಗದೆ ಉಳಿದ ಟವೆಲ್‌ನಂಥ ಮುಗ್ಗಲು ವಾಸನೆ. ಫೋಮ್‌ನ ಅಂಚಿನಲ್ಲಿ ಕಪ್ಪು ಚುಕ್ಕೆ, ಸಿಗಾರ್‌ಗಳು ಒಂದಕ್ಕೊಂದು ತಾಗುವ ಗೆರೆಯುದ್ದಕ್ಕೂ ಬೂದುಹಸಿರು ನವಿರು.

ಬ್ಲೂಮ್ ಎನ್ನುವುದು ನಿಜಕ್ಕೂ ಇದೆಯೇ ಎಂಬುದರಲ್ಲೇ ಸಿಗಾರ್ ಬಲ್ಲವರಿಗೆ ಒಮ್ಮತವಿಲ್ಲ. ಇದೆ ಎನ್ನುವವರೂ ಅದು ತೀರಾ ಅಪರೂಪ, ಎಲೆಯ ಮೇಲೆ ಸಮನಾಗಿ ಹರಡಿದ ಸಣ್ಣ ಹರಳಿನ ಪುಡಿ ಎನ್ನುತ್ತಾರೆ. ಬೂಷ್ಟು ಹಾಗಲ್ಲ, ದುಂಡಗಿನ ಮಚ್ಚೆ ಮಚ್ಚೆಯಾಗಿ ಬರುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ಭೂತಕನ್ನಡಿಯಲ್ಲಿ ನೋಡಿದರೆ ಎದ್ದು ನಿಂತ ಎಳೆಗಳು ಕಾಣುತ್ತವೆ. ನಮ್ಮ ಪೆಟ್ಟಿಗೆಯಲ್ಲಿ ಅದೇ ಬಿಳಿ ಮುಚ್ಚಳದ ಮೂಲೆಯ ಮರದ ಮೇಲೂ ಇತ್ತು. ತಂಬಾಕಿನ ಎಣ್ಣೆ ಮರದ ಮೇಲೆ ಹೇಗೆ ಹುಟ್ಟೀತು? ಈ ಪ್ರಶ್ನೆ ಕೇಳಿದ ಮೇಲೆ ಮಾರಾಟಗಾರನಿಂದ ಉತ್ತರವೇ ಇಲ್ಲ.

ಇನ್ನು ಆ ಮೀಟರ್. ಅನುಮಾನ ಬಂದು ಡಿಜಿಟಲ್ ಮೀಟರ್ ಒಂದನ್ನು ತಂದೆ, ಎರಡನ್ನೂ ಉಪ್ಪಿನಲ್ಲಿ ಪರೀಕ್ಷಿಸಿದೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದಂತೆ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ಹನಿ ನೀರು ಬಿಟ್ಟು, ಮೀಟರ್ ಜೊತೆ ಜಿಪ್‌ಲಾಕ್ ಕವರಿನಲ್ಲಿ ಒಂದು ದಿನ ಮುಚ್ಚಿಡಿ. ಒಳಗಿನ ಗಾಳಿಯ ತೇವಾಂಶ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮೀಟರ್ ಎಷ್ಟು ಹೆಚ್ಚು ಕಡಿಮೆ ತೋರಿಸುತ್ತದೋ ಅಷ್ಟು ಅದರ ದೋಷ. ಡಿಜಿಟಲ್ ಸರಿಯಾಗಿ 75 ತೋರಿಸಿತು. ಕಿಟ್‌ನ ಮುಳ್ಳು ಅಲ್ಲೂ 68 ಬಿಟ್ಟು ಕದಲಲಿಲ್ಲ! ಪೆಟ್ಟಿಗೆಯೊಳಗಿನ ನಿಜವಾದ ತೇವಾಂಶ 82 ಇತ್ತು.

ಆ ಚೀಟಿಯ ಸಲಹೆ ಚಳಿಗಾಲದಲ್ಲಿ ಹೀಟರ್ ಉರಿಸುವ, ಗಾಳಿ ಒಣಗುವ ದೇಶಗಳಿಗೆ ಹೇಳಿದ್ದು. ಅಲ್ಲಿ ಪೆಟ್ಟಿಗೆಗೆ ನೀರು ಉಣಿಸಬೇಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಗಾಳಿಯೇ ಶೇ. 85-90 ತೇವದ್ದು, ಮರ ಆಗಲೇ ನೀರು ಕುಡಿದು ಕೂತಿರುತ್ತದೆ. ಅಂಥ ಮರವನ್ನು ಮತ್ತೆ ಒದ್ದೆ ಬಟ್ಟೆಯಿಂದ ಒರೆಸಿದರೆ ಬೂಷ್ಟಿಗೆ ಹಾಸಿಗೆ ಹಾಸಿಕೊಟ್ಟ ಹಾಗೆಯೇ. ವಾರವಾರ ಮುಚ್ಚಳ ತೆರೆಯುವುದೆಂದರೆ ಆ ಹೊರಗಿನ ಗಾಳಿಯನ್ನೇ ಒಳಗೆ ಕರೆದಂತೆ. 70 ಎಂಬ ಅಂಕಿಯೂ 18-21 ಡಿಗ್ರಿಯಲ್ಲಿ ಇಡುವವರ ಲೆಕ್ಕ. ಎಸಿ ಇಲ್ಲದೆ 28-30 ಡಿಗ್ರಿ ಇರುವ ನಮ್ಮ ಕೋಣೆಗಳಲ್ಲಿ 62-65 ಸಾಕು.

ಫೋಮನ್ನು ಎಸೆದು ಬೊವೆಡಾ ಬ್ರ್ಯಾಂಡಿನಂಥ, ಎರಡೂ ಕಡೆ ಕೆಲಸ ಮಾಡುವ ತೇವಾಂಶದ ಪ್ಯಾಕೆಟ್ ಹಾಕಿ. ತೇವ ಕಡಿಮೆಯಾದರೆ ಕೊಡುತ್ತದೆ, ಹೆಚ್ಚಾದರೆ ಹೀರುತ್ತದೆ. 62 ಅಥವಾ 65ರದ್ದು ತೆಗೆದುಕೊಳ್ಳಿ, 25 ಸಿಗಾರ್‌ಗೆ 60 ಗ್ರಾಮಿನ ಒಂದು. ಬರೀ ಸಿಲಿಕಾ ಜೆಲ್ ಬೇಡ, ಅದು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಹೀರಿ ಹೊದಿಕೆಯ ಎಲೆ ಸೀಳುವಂತೆ ಮಾಡುತ್ತದೆ. ಮಳೆ ಬಡಿಯುವ ಗೋಡೆಗೆ ತಾಗಿದ ಕಪಾಟಿನಲ್ಲಿ ಪೆಟ್ಟಿಗೆ ಇಡಬೇಡಿ. ಮಳೆಗಾಲದ ಮಟ್ಟಿಗೆ ಮರಕ್ಕಿಂತ ರಬ್ಬರ್ ಅಂಚಿನ ಬಿಗಿ ಪ್ಲಾಸ್ಟಿಕ್ ಡಬ್ಬಿಯೇ ವಾಸಿ, ನೋಡಲು ಚೆಂದವಿಲ್ಲದಿದ್ದರೂ. ಅಡುಗೆಮನೆಯಿಂದಲೂ ದೂರ ಇರಲಿ: ತಂಬಾಕು ಕೊರೆಯುವ ಹುಳುವೇ ಅರಿಸಿನ, ಒಣಶುಂಠಿಯನ್ನೂ ಕೊರೆಯುತ್ತದೆ.

ಬೂಷ್ಟು ಬಂದೇಬಿಟ್ಟಿದ್ದರೆ ಮಾಸ್ಕ್ ಹಾಕಿಕೊಂಡು ಎಲ್ಲವನ್ನೂ ಮನೆಯ ಹೊರಗೆ ತನ್ನಿ. ನಮ್ಮಮ್ಮನಿಗೆ ಉಬ್ಬಸವಿದೆ, ಅವರಿದ್ದ ಕೋಣೆಯಲ್ಲೇ ಆ ಪೆಟ್ಟಿಗೆ ಇತ್ತೆಂದು ನೆನೆದರೆ ಈಗಲೂ ಸಂಕಟವಾಗುತ್ತದೆ. ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ಪ್ರತಿಯೊಂದನ್ನೂ ನೋಡಿ, ಮುಖ್ಯವಾಗಿ ಬೆಂಕಿ ಹಚ್ಚುವ ತುದಿ. ಅಲ್ಲಿ ಬಿಳಿಯಿದ್ದರೆ ಒಳಗಿನ ಎಲೆಗೂ ಇಳಿದಿದೆ, ಎಸೆಯಿರಿ. ಹಸಿರು, ನೀಲಿ, ಕಪ್ಪು ಬಂದದ್ದನ್ನೂ ಎಸೆಯಿರಿ. ಎಷ್ಟು ದುಡ್ಡಿನದಾದರೂ ಸರಿ, ಆ ಹೊಗೆ ಯಾರ ಎದೆಗೂ ಹೋಗಬಾರದು. ಮೇಲೆ ಮಾತ್ರ ತೆಳ್ಳಗೆ ಬಿಳಿ ಇದ್ದವನ್ನು ಒಣ ಬಟ್ಟೆಯಿಂದ ಒರೆಸಿ, ಬೇರೆ ಜಿಪ್‌ಲಾಕ್‌ನಲ್ಲಿ 62ರ ಪ್ಯಾಕೆಟ್ ಜೊತೆ ಎರಡು ವಾರ ಇಟ್ಟು ನೋಡಿ. ಮತ್ತೆ ಬಂದರೆ ಅವೂ ಕಸಕ್ಕೆ. ಪೆಟ್ಟಿಗೆಯ ಒಳಗನ್ನು ಮೆಡಿಕಲ್‌ನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಬೆಂಕಿಯಿಂದ ದೂರ ತೆರೆದಿಟ್ಟು ವಾಸನೆ ಹೋಗುವವರೆಗೆ ಒಣಗಿಸಿ. ಬ್ಲೀಚಿಂಗ್ ದ್ರಾವಣ ಮರಕ್ಕೆ ಬೇಡ, ಆ ವಾಸನೆ ಬಿಡುವುದೇ ಇಲ್ಲ.

ಎಸೆಯುವ ಸಿಗಾರ್‌ಗಳನ್ನು ಗೊಬ್ಬರವಾಗುತ್ತದೆಂದು ಹಿತ್ತಲಿನ ಮೆಣಸಿನ ಗಿಡ, ಟೊಮೆಟೊ ಬುಡಕ್ಕೆ ಹಾಕಬೇಡಿ. ತಂಬಾಕಿನ ಮೊಸಾಯಿಕ್ ವೈರಸ್ ಒಣಗಿದ ಎಲೆಯಲ್ಲೂ ಉಳಿದು ಆ ಗಿಡಗಳಿಗೆ ಅಂಟಬಲ್ಲದು.