ಡಾಲ್ಫಿನ್ ನೋಡಲು ಕಾರವಾರವೋ, ಈಜಲು ನೇತ್ರಾಣಿಯೋ?

ಹುಬ್ಬಳ್ಳಿಯಿಂದ ನಾಲ್ಕೈದು ಜನ ಹೊರಟಿದ್ದೀರಾ? ಡಾಲ್ಫಿನ್ ನೋಡುವ ಆಸೆಯೇ ಜಾಸ್ತಿ ಇದ್ದರೆ ಕಾರವಾರ. ಯಲ್ಲಾಪುರ ದಾಟಿ, ಅರಬೈಲ್ ಘಾಟ್ ಇಳಿದು, ಅಂಕೋಲಾ ಮೇಲೆ ಹೋಗಬೇಕು. ಕಾಳಿ ನದಿ ಕಡಲು ಸೇರುವ ಕಡೆ ಡಾಲ್ಫಿನ್‌ಗಳು ದಡದ ಹತ್ತಿರವೇ ಬರುತ್ತವೆ. ಬೆಳಿಗ್ಗೆ ದೋಣಿಯ ಎಂಜಿನ್ ನಿಲ್ಲಿಸಿ ಸುಮ್ನೆ ಕೂತರೆ, ಮೊದಲು ‘ಫುಸ್’ ಎಂಬ ಉಸಿರು ಕೇಳುತ್ತದೆ. ಆಮೇಲೆ ಗೂನುಬೆನ್ನು ಮೇಲೇಳುತ್ತದೆ. ಅಲ್ಲಿ ನೀರಿಗೆ ಹಾರಬೇಡಿ, ಅವು ಬೆದರುತ್ತವೆ.

ಈಜಬೇಕೆಂದರೆ ಮುರ್ಡೇಶ್ವರದ ನೇತ್ರಾಣಿ ದ್ವೀಪವೇ ಸರಿ. ದೋಣಿಯಲ್ಲಿ ಸುಮಾರು 19 ಕಿ.ಮೀ. ಖರ್ಚು ಜಾಸ್ತಿ, ಅಲೆ ಎದ್ದರೆ ಕೆಲವರಿಗೆ ವಾಂತಿಯೂ ಆಗುತ್ತದೆ. ಆದರೆ ತಿಳಿನೀರು, ಹವಳ, ಬಣ್ಣದ ಮೀನು! ಡಾಲ್ಫಿನ್ ಕಂಡರೆ ಅದೃಷ್ಟ. ಅವ್ವ, ಮಕ್ಕಳು ಜೊತೆಗಿದ್ದರೆ ನಾನು ಕಾರವಾರವನ್ನೇ ಹೇಳುತ್ತೇನೆ. ಮಳೆಗಾಲದಲ್ಲಿ ಎರಡೂ ಬೇಡ.