ಪುಣೆಯ ಮಾರ್ಕೆಟ್ ಯಾರ್ಡ್: ದಿನಸಿಗೆ ಹೌದು, ಚಿಲ್ಲರೆಗೆ ಬೇಡ

ಈ ಸಗಟು ಮಾರುಕಟ್ಟೆ ಇರುವುದು ಗುಲ್ಟೇಕಡಿಯಲ್ಲಿ. ಅಲ್ಲಿನ ಭುಸಾರ್ ಸಾಲಿಗೆ, ಅಂದರೆ ದಿನಸಿ-ಧಾನ್ಯದ ಅಂಗಡಿಗಳಿಗೆ, ಅಕ್ಕಿ, ಬೇಳೆ, ಬೆಲ್ಲವನ್ನು ಮೂಟೆಗಟ್ಟಲೆ ಕೊಳ್ಳುವುದಾದರೆ ಹೋಗಿ. ಎರಡು ಕಿಲೋಗೆ ಹೋದರೆ ಉಳಿದದ್ದೆಲ್ಲ ರಿಕ್ಷಾದವನಿಗೇ. ಮೂಟೆಯ ಮೇಲಿನ ತೂಕ ಓದಿ. 2022ರ ಜುಲೈಯಿಂದ 25 ಕಿಲೋವರೆಗಿನ ಲೇಬಲ್ ಹಚ್ಚಿದ ಪ್ಯಾಕಿಗೆ ಶೇ 5 ಜಿಎಸ್‌ಟಿ ಇದೆ. 26 ಕಿಲೋ ಮೂಟೆಗೂ ಬಿಡಿ ಮಾಲಿಗೂ ಇಲ್ಲ. ಆ ಒಂದು ಕಿಲೋ ಸುಮ್ಮನೆ ಹೆಚ್ಚಿಸಿದ್ದಲ್ಲ!

ಸೋನಾ ಮಸೂರಿ ಹಳೆಯದೇ ಕೇಳಿ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಒದಗುವುದೂ ಇಲ್ಲ. ತೊಗರಿಬೇಳೆಯ ಹೊಳಪಿಗೆ ಮರುಳಾಗಬೇಡಿ, ಅದು ಪಾಲಿಶ್. ಮಳೆಗಾಲದ ತೇವಕ್ಕೆ ಹುಳ ಬೇಗ ಬೀಳುವುದರಿಂದ ಮೇ ತಿಂಗಳಲ್ಲೇ ಬೇಳೆಯನ್ನು ಬಿಸಿಲಿಗೆ ಹರಡಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಅಕ್ಕಿಗೆ ಬಿಸಿಲು ಬೇಡ, ಬಿರಿದು ನುಚ್ಚಾಗುತ್ತದೆ. ತರಕಾರಿಗೆ ನಾಲ್ಕು ಮನೆಯವರು ಹಂಚಿಕೊಳ್ಳುವುದಾದರೆ ಮಾತ್ರ ಬನ್ನಿ.